ಕೆಟಲ್‌ನ ಬಿಳಿ ಪದರಕ್ಕೆ ಯಾವ ಹುಳಿ? ವಿನೆಗರ್, ನಿಂಬೆ ಉಪ್ಪು, ಹುಣಸೆಹಣ್ಣು

ಚಿತ್ರದುರ್ಗದಲ್ಲಿ ನಮ್ಮ ಹಾಗೆ ಬೋರ್ ನೀರು ಕಾಯಿಸುವವರ ಕೆಟಲ್ ತಳದಲ್ಲಿ ಬಿಳಿ ಪದರ ಇದ್ದೇ ಇರುತ್ತದೆ. ನೀರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್, ನೀರು, ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಆ ಕಾರ್ಬೊನೇಟ್ ಕರಗುವುದಿಲ್ಲ, ತಳಕ್ಕೆ ಕಚ್ಚಿಕೊಳ್ಳುತ್ತದೆ. ಯಾವ ಹುಳಿ ಹಾಕಿದರೂ ಗುಳ್ಳೆ ಬರುತ್ತದೆ, ಅದನ್ನು ನೋಡಿ ತೀರ್ಮಾನ ಮಾಡಬೇಡಿ. ಕೊನೆಗೆ ಹುಳಿಯೂ ಕಾರ್ಬೊನೇಟೂ ಸೇರಿ ಯಾವ ಲವಣ ಆಗುತ್ತದೆ, ಅದು ನೀರಲ್ಲಿ ಕರಗುತ್ತದಾ ಅನ್ನುವುದೇ ಮುಖ್ಯ.

ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲದಿಂದ ಆಗುವುದು ಕ್ಯಾಲ್ಸಿಯಂ ಅಸಿಟೇಟ್. ಕ್ಯಾಲ್ಸಿಯಂ ಅಯಾನಿಗೆ (ಆವೇಶ ಇರುವ ಕಣ) ಎರಡು ಧನ ಆವೇಶ, ಅಸಿಟೇಟ್‌ಗೆ ಒಂದೇ ಋಣ. ಹಾಗಾಗಿ ಒಂದು ಕ್ಯಾಲ್ಸಿಯಂಗೆ ಎರಡು ಅಸಿಟೇಟ್. ಈ ಲವಣ ನೀರಲ್ಲಿ ಚೆನ್ನಾಗಿ ಕರಗುತ್ತದೆ, ಚೆಲ್ಲಿದರೆ ಹೋಯಿತು. ದಪ್ಪ ಪದರಕ್ಕೆ ನನಗೆ ಇದೇ ಇಷ್ಟ, ರಾತ್ರಿ ಹಾಕಿಟ್ಟು ಬೆಳಗ್ಗೆ ಉಜ್ಜಿದರೆ ಬಿಟ್ಟುಕೊಳ್ಳುತ್ತದೆ. ವಾಸನೆ ಮಾತ್ರ ಜಾಸ್ತಿ.

ನಿಂಬೆ ಉಪ್ಪು ಅಂದರೆ ಸಿಟ್ರಿಕ್ ಆಮ್ಲ. ಸಿಟ್ರೇಟ್‌ಗೆ ಮೂರು ಋಣ ಆವೇಶ, ಆದ್ದರಿಂದ ಲೆಕ್ಕ ಸರಿಹೋಗಲು ಮೂರು ಕ್ಯಾಲ್ಸಿಯಂಗೆ ಎರಡು ಸಿಟ್ರೇಟ್ ಬೇಕು, ಆರು ಧನಕ್ಕೆ ಆರು ಋಣ. ಶೇ 4ರ ವಿನೆಗರ್ ಒಂದು ಲೀಟರ್ ಸುಮಾರು 33 ಗ್ರಾಂ ಕಾರ್ಬೊನೇಟ್ ಕರಗಿಸಬಲ್ಲದು, ಅಷ್ಟೇ ಕೆಲಸಕ್ಕೆ ನಿಂಬೆ ಉಪ್ಪು ಸುಮಾರು 47 ಗ್ರಾಂ ಲೆಕ್ಕಕ್ಕೆ ಬರುತ್ತದೆ. ಅಂದರೆ ಒಂದು ಲೀಟರ್ ಬಾಟಲಿ ಹೊತ್ತು ತರುವ ಬದಲು ಒಂದು ಸಣ್ಣ ಪೊಟ್ಟಣ ಸಾಕು, ವಾಸನೆಯೂ ಇಲ್ಲ. ಆದರೆ ಕ್ಯಾಲ್ಸಿಯಂ ಸಿಟ್ರೇಟ್ ಅಷ್ಟಾಗಿ ಕರಗದ ಲವಣ. ಆಮ್ಲ ಕಮ್ಮಿ ಹಾಕಿ ಕುದಿಸಿದರೆ ಅದೇ ಬಿಳಿ ಪುಡಿಯಾಗಿ ಕೂರುತ್ತದೆ, ಪದರ ಹೋಗಲೇ ಇಲ್ಲ ಅಂತ ಅನ್ನಿಸಿಬಿಡುತ್ತದೆ. ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿಯೇ ಹಾಕಿ, ಬೆಚ್ಚಗಿನ ನೀರಲ್ಲಿ ಬಿಡಿ, ಕುದಿಸಬೇಡಿ. ತಿಂಗಳಿಗೊಮ್ಮೆ ತೊಳೆಯುವ ಮಾಮೂಲಿ ಕೆಟಲ್‌ಗೆ ನನ್ನ ಮತ ಇದಕ್ಕೇ.

ಹಿತ್ತಾಳೆ ಚೊಂಬು ಬೆಳಗಲು ಹುಣಸೆಹಣ್ಣು ಬಿಟ್ಟರೆ ಬೇರೆ ಇಲ್ಲ. ಆದರೆ ಕೆಟಲ್‌ಗೆ ಬೇಡ. ಅದರ ಟಾರ್ಟಾರಿಕ್ ಆಮ್ಲ ಕ್ಯಾಲ್ಸಿಯಂ ಜೊತೆ ಒಂದಕ್ಕೊಂದರಂತೆ ಸೇರಿ ಕ್ಯಾಲ್ಸಿಯಂ ಟಾರ್ಟರೇಟ್ ಆಗುತ್ತದೆ, ಅದು ನೀರಲ್ಲಿ ಕರಗುವುದು ತೀರಾ ಕಮ್ಮಿ. ಕರಗದ ಒಂದು ಲವಣ ತೆಗೆದು ಕರಗದ ಇನ್ನೊಂದನ್ನು ಕೂರಿಸಿದ ಹಾಗೆ.

ಬಾತ್‌ರೂಮ್ ಆಸಿಡ್? ಅದು ಹೈಡ್ರೋಕ್ಲೋರಿಕ್ ಆಮ್ಲ. ಒಂದು ಕ್ಯಾಲ್ಸಿಯಂಗೆ ಎರಡು ಕ್ಲೋರೈಡ್ ಸೇರಿ ಆಗುವ ಕ್ಯಾಲ್ಸಿಯಂ ಕ್ಲೋರೈಡ್ ಸಲೀಸಾಗಿ ಕರಗುತ್ತದೆ, ಕೆಲಸ ಕ್ಷಣದಲ್ಲಿ ಮುಗಿಯುತ್ತದೆ. ಆದರೂ ಪಾತ್ರೆಗೆ ಖಂಡಿತ ಬೇಡ, ಕ್ಲೋರೈಡ್ ಸ್ಟೀಲ್ ಮೇಲೆ ಸಣ್ಣ ಸಣ್ಣ ತೂತು ಕೊರೆಯುತ್ತದೆ. ಬ್ಲೀಚ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಾತ್‌ರೂಮಲ್ಲಿ ಅದು ಜೀವಕ್ಕೇ ಅಪಾಯ.

ವಿನೆಗರ್ ಜೊತೆ ಅಡುಗೆ ಸೋಡಾ ಸೇರಿಸಿದರೆ ಇನ್ನೂ ಜೋರಾಗಿ ಕೆಲಸ ಮಾಡುತ್ತದೆ ಅಂತ ಹೇಳುವವರು ಬಹಳ. ನೊರೆ ಜೋರಾಗಿಯೇ ಬರುತ್ತದೆ, ಆದರೆ ಪದರಕ್ಕೆ ಹೋಗಬೇಕಿದ್ದ ಆಮ್ಲವನ್ನೆಲ್ಲ ಸೋಡಾ ನುಂಗಿ ಸೋಡಿಯಂ ಅಸಿಟೇಟ್ ಆಗಿರುತ್ತದೆ. ಎರಡೂ ಸುಮ್ನೆ ವ್ಯರ್ಥ ಅಲ್ವಾ? ವಿನೆಗರ್ ಒಂದನ್ನೇ ಹಾಕಿ. ಆಮೇಲೆ ಬರೀ ನೀರು ಕುದಿಸಿ ಚೆಲ್ಲಿ, ಆಮೇಲೆ ಟೀಗೆ ಇಡಿ.