ತೋಟದ ಪಂಪಿಗೆ ಒಂದೂವರೆಯೋ, ಎರಡೂವರೆಯೋ, ನಾಲ್ಕರ ವಯರೋ?

ದೂರದ ಪಂಪಿಗೆ ವಯರ್ ಕೊಳ್ಳುವಾಗ ಮೊದಲು ದಪ್ಪಕ್ಕೆ ದುಡ್ಡು ಹಾಕಿ. ತಾಮ್ರವೋ ಅಲ್ಯೂಮಿನಿಯಮ್ಮೋ ಎಂಬುದು ಆಮೇಲಿನ ಮಾತು. ಹಿರಿಯಡ್ಕದ ನಮ್ಮ ಅಡಿಕೆ ತೋಟದಲ್ಲಿ ನಾಲ್ಕು ಬಗೆಯ ವಯರ್‌ಗಳನ್ನು ಒಂದೇ ದಾರಿಯಲ್ಲಿ ಎಳೆದು, ಎರಡೂ ತುದಿಯಲ್ಲಿ ಮಲ್ಟಿಮೀಟರ್ ಹಿಡಿದು ನೋಡಿದ ಮೇಲೆ ಇದನ್ನು ಹೇಳುತ್ತಿದ್ದೇನೆ. ಮೀಟರ್ ಬೋರ್ಡಿನಿಂದ ಬಾವಿಗೆ 100 ಮೀಟರ್. ಸಿಂಗಲ್ ಫೇಸಿನ 1 ಎಚ್‌ಪಿ ಪಂಪು, ಓಡುವಾಗ 7 ಆಂಪಿಯರ್ ಎಳೆಯುತ್ತದೆ.

ಒಂದೂವರೆ ಚದರ ಮಿ.ಮೀ. ತಾಮ್ರಕ್ಕೆ 7 ಆಂಪಿಯರ್ ಹೊರೆಯೇ ಅಲ್ಲ, ಸುಡುವ ಭಯವಿಲ್ಲ. ಅಂಗಡಿಯವರು ‘ಇಷ್ಟು ಸಾಕು’ ಎನ್ನುವುದು ಈ ಲೆಕ್ಕದ ಮೇಲೆ. ಉದ್ದ ಎಷ್ಟೆಂದು ಯಾರೂ ಕೇಳುವುದಿಲ್ಲ. ಈ ವಯರಿನ ರೋಧ, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಕಿಲೋಮೀಟರಿಗೆ 12.1 ಓಮ್. ಹೋಗುವ ತಂತಿ, ಬರುವ ತಂತಿ ಸೇರಿ 200 ಮೀಟರಿಗೆ 2.4 ಓಮ್, 7 ಆಂಪಿಯರಿನಲ್ಲಿ 17 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಬೋರ್ಡಿನಲ್ಲಿ 225 ಇದ್ದಾಗ ಬಾವಿಯ ಬಳಿ ನನಗೆ ಸಿಕ್ಕಿದ್ದು 207. ಲೆಕ್ಕಕ್ಕಿಂತ ಹೆಚ್ಚಾಗಿ ಹೋದ ಆ ಒಂದು ವೋಲ್ಟ್ ಏಪ್ರಿಲ್ ಬಿಸಿಲಿನದು: ಕೈಪಿಡಿಯ ಅಂಕಿಗಳು 20 ಡಿಗ್ರಿಯವು, ಅಲ್ಲಿಂದ ಪ್ರತಿ ಡಿಗ್ರಿಗೆ ತಾಮ್ರದ ರೋಧ ಶೇ 0.4ರಷ್ಟು ಏರುತ್ತದೆ. ನಿಜವಾದ ತೊಂದರೆ ಪಂಪು ಹೊರಡುವ ಗಳಿಗೆಯಲ್ಲಿ. ಮೋಟರು ಆಗ ಹಲವು ಪಟ್ಟು ಕರೆಂಟ್ ಎಳೆಯುವುದರಿಂದ ವೋಲ್ಟೇಜು ಇನ್ನೂ ಕುಸಿಯುತ್ತದೆ. ಸಂಜೆ ಲೈನಿನಲ್ಲೇ 190 ಇದ್ದರೆ ಪಂಪು ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ.

ಎರಡೂವರೆಯಲ್ಲಿ ಬಾವಿಯ ಬಳಿ 214 ಸಿಕ್ಕಿತು, ನಾಲ್ಕರಲ್ಲಿ 218. ಒಂದೂವರೆಯನ್ನೂ ನಾಲ್ಕನ್ನೂ ಅಕ್ಕಪಕ್ಕ ಹಿಡಿದರೆ ಒಳಗಿನ ತಾಮ್ರ ಎರಡು ಪಟ್ಟು ದಪ್ಪವೂ ಕಾಣುವುದಿಲ್ಲ. ಆದರೆ ಕಣ್ಣಿಗೆ ಕಾಣುವುದು ವ್ಯಾಸ, ರೋಧ ನಿಂತಿರುವುದು ಅಡ್ಡಕೊಯ್ತದ ವಿಸ್ತೀರ್ಣದ ಮೇಲೆ. ವ್ಯಾಸ ಇಮ್ಮಡಿಯಾದರೆ ರೋಧ ಕಾಲುಭಾಗಕ್ಕೆ ಇಳಿಯುತ್ತದೆ. ಒಂದೂವರೆಯಲ್ಲಿ ಪಂಪು ಓಡುವಷ್ಟು ಹೊತ್ತೂ ಸುಮಾರು 120 ವಾಟ್ ವಯರನ್ನು ಬಿಸಿ ಮಾಡಲು ಹೋಗುತ್ತದೆ, ನಾಲ್ಕರಲ್ಲಿ 45. ಡಿಸೆಂಬರಿನಿಂದ ಮಳೆ ಹಿಡಿಯುವವರೆಗೆ ನೀರು ಬಿಡುವವರಿಗೆ ಇದು ಚಿಕ್ಕ ವ್ಯತ್ಯಾಸವಲ್ಲ.

ಇನ್ನು ನಾಲ್ಕರ ಅಲ್ಯೂಮಿನಿಯಂ. ಅದೇ ಉದ್ದ, ಅದೇ ದಪ್ಪಕ್ಕೆ ಅದರ ರೋಧ ತಾಮ್ರದ ಸುಮಾರು 1.6 ಪಟ್ಟು, ಹಾಗಾಗಿ ನಾಲ್ಕರ ಅಲ್ಯೂಮಿನಿಯಮ್ಮೂ ಎರಡೂವರೆಯ ತಾಮ್ರವೂ ಸರಿಸಮ: ಎರಡಕ್ಕೂ ಕಿಲೋಮೀಟರಿಗೆ 7.41 ಓಮ್. ಬಾವಿಯ ಬಳಿ ಇದೂ 214 ತೋರಿಸಿತು. ಲೋಹದ ತೂಕ ಅರ್ಧ, ಬೆಲೆ ಬಹಳ ಕಡಿಮೆ. ಮೆಸ್ಕಾಂ ಕಂಬಗಳ ಮೇಲೆ ಅಲ್ಯೂಮಿನಿಯಂ ತಂತಿ ಓಡುವುದೂ ಇದೇ ಕಾರಣಕ್ಕೆ.

ಆದರೂ ನಾನು ಅದನ್ನು ಉಳಿಸಿಕೊಳ್ಳಲಿಲ್ಲ. ಅಲ್ಯೂಮಿನಿಯಂ ಮೆದು, ಸ್ಕ್ರೂ ಬಿಗಿ ಮಾಡಿದ ಕಡೆ ಕ್ರಮೇಣ ಸಡಿಲವಾಗುತ್ತದೆ. ಅದರ ಮೇಲೆ ಕೂಡಲೇ ಕಟ್ಟುವ ಆಕ್ಸೈಡ್ ಪೊರೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ತಾಮ್ರಕ್ಕೆ ನೇರವಾಗಿ ಜೋಡಿಸಿದರೆ ಕರಾವಳಿಯ ಉಪ್ಪಿನ ತೇವ ಆ ಜಾಯಿಂಟನ್ನು ತಿನ್ನುತ್ತದೆ. ಮಲ್ಪೆಯಲ್ಲಿ ನಮ್ಮ ಭಾವನ ಮನೆಯ ಸ್ಟಾರ್ಟರಿನೊಳಗೆ ಒಂದೇ ಮಳೆಗಾಲ ಕಳೆಯುವಷ್ಟರಲ್ಲಿ ಜಾಯಿಂಟು ಬಿಳಿ ಪುಡಿಯಾಗಿತ್ತು. ವಯರಿಗೆ ಏನೂ ಆಗಿರಲಿಲ್ಲ. ಬೈಮೆಟಲ್ ಲಗ್ಗು (ಒಂದು ಬದಿ ಅಲ್ಯೂಮಿನಿಯಂ, ಇನ್ನೊಂದು ಬದಿ ತಾಮ್ರ ಇರುವ ಜೋಡಣೆಯ ತುಂಡು) ಹಾಕಿ ವರ್ಷಕ್ಕೊಮ್ಮೆ ಬಿಚ್ಚಿ ನೋಡುವ ವ್ಯವಧಾನ ಇದ್ದವರಿಗೆ ಅಲ್ಯೂಮಿನಿಯಂ ಧಾರಾಳವಾಗಿ ಆಗುತ್ತದೆ.

ತೀರಾ ಅಗ್ಗದ ‘ತಾಮ್ರದ’ ವಯರ್ ಸಿಕ್ಕಿದರೆ ಒಂದು ಎಳೆಯನ್ನು ಚಾಕುವಿನಿಂದ ಕೆರೆದು ನೋಡಿ. ಒಳಗೆ ಬಿಳಿ ಕಂಡರೆ ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ.

ನಮ್ಮಲ್ಲಿ ಈಗ ಇರುವುದು ನಾಲ್ಕರ ತಾಮ್ರ. ಇದೇ ಪಂಪಿಗೆ ಬಾವಿ 30 ಮೀಟರಿನೊಳಗಿದ್ದರೆ ಎರಡೂವರೆಯೇ ಸಾಕು, ಹೋಗುವುದು ಬರೀ 3 ವೋಲ್ಟ್. 150 ಮೀಟರ್ ಇದ್ದರೆ ಆರರ ತಾಮ್ರ ಎಳೆಯಿರಿ. ನಷ್ಟ ನಮ್ಮ ನಾಲ್ಕರಷ್ಟೇ ಆಗುತ್ತದೆ.