ಹಳೇ ಪೋಲೊ ಜಿಟಿನಾ, ಹಳೇ ಅಬಾರ್ತ್ ಪುಂಟೊನಾ?

ಎರಡು ತಿಂಗಳಿಂದ ಭಾನುವಾರ ಬಂತೆಂದರೆ ಸೆಕೆಂಡ್ ಹ್ಯಾಂಡ್ ಕಾರು ನೋಡುವುದೇ ನನ್ನ ಕೆಲಸ. ಸೋಸಿ ಸೋಸಿ ಕೊನೆಗೆ ಎರಡು ಉಳಿದಿವೆ. ಒಂದು 2016ರ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ, ಇನ್ನೊಂದು ಅದೇ ವರ್ಷದ ಫಿಯೆಟ್ ಅಬಾರ್ತ್ ಪುಂಟೊ. ಇವು ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರುಗಳಲ್ಲ, ಗೊತ್ತು. ಆದರೆ ನನ್ನ ಬಜೆಟ್‌ಗೂ ಬೆಂಗಳೂರಿನ ಹಂಪ್‌ಗಳಿಗೂ ಹೊಂದುವ ವೇಗದ ಕಾರುಗಳು ಇವೇ.

ಎರಡನ್ನೂ ಒಂದೇ ದಾರಿಯಲ್ಲಿ ಓಡಿಸಿದೆ. ಬೆಳಗ್ಗೆ ಆರಕ್ಕೆ ಹೊರಟು ನಂದಿ ಬೆಟ್ಟ, ವಾಪಸ್ ಬರುವಾಗ ಹೆಬ್ಬಾಳದ ಟ್ರಾಫಿಕ್. ಎರಡು ಸಲವೂ ಮಾಲೀಕರು ಪಕ್ಕದಲ್ಲೇ ಕೂತಿದ್ದರು.

ಪೋಲೊದಲ್ಲಿ 1.2 ಲೀಟರ್ ಟರ್ಬೊ ಎಂಜಿನ್, 175 ಎನ್‌ಎಂ ಟಾರ್ಕ್ (ಅಂದರೆ ಎಳೆಯುವ ಬಲ), ಏಳು ಗೇರಿನ ಡಿಎಸ್‌ಜಿ ಅನ್ನುವ ಎರಡು ಕ್ಲಚ್‌ನ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಗೇರ್ ಬದಲಾಗಿದ್ದು ಗೊತ್ತೇ ಆಗುವುದಿಲ್ಲ. ಬಾಗಿಲು ಹಾಕಿದರೆ ಗಟ್ಟಿ ಸದ್ದು. ಹೆಬ್ಬಾಳದಲ್ಲಿ ಎಡಗಾಲಿಗೆ ಕೆಲಸವೇ ಇರಲಿಲ್ಲ. ಮನೆಯವರೆಲ್ಲ ಓಡಿಸುವುದಾದರೆ ಇದೇ ಸರಿ.

ಅಬಾರ್ತ್ ಬೇರೆಯದೇ ಜಾತಿ. 1.4 ಲೀಟರ್ ಟಿ-ಜೆಟ್ ಟರ್ಬೊ ಎಂಜಿನ್, 145 ಬಿಎಚ್‌ಪಿ, 212 ಎನ್‌ಎಂ ಟಾರ್ಕ್, ಐದು ಗೇರಿನ ಮ್ಯಾನ್ಯುಯಲ್, ನಾಲ್ಕು ಚಕ್ರಕ್ಕೂ ಡಿಸ್ಕ್ ಬ್ರೇಕ್. ಕಡಿಮೆ ಆರ್‌ಪಿಎಂನಲ್ಲಿ ಸುಮ್ನೆ ಮಲಗಿರುತ್ತದೆ. ಟರ್ಬೊ ಎಚ್ಚರವಾಯಿತೋ, ಬೆನ್ನು ಸೀಟಿಗೆ ಅಂಟುತ್ತದೆ. ಹೈಡ್ರಾಲಿಕ್ ಸ್ಟೀರಿಂಗ್ ಭಾರ, ಆದರೆ ಟೈರು ಏನು ಮಾಡುತ್ತಿದೆ ಅನ್ನುವುದು ಕೈಗೆ ತಿಳಿಯುತ್ತದೆ. ನಂದಿಯ ತಿರುವುಗಳಲ್ಲಿ ನಾನು ಮಾತೇ ಆಡಲಿಲ್ಲ. ಪೋಲೊದಲ್ಲಿ ಮಾಲೀಕರ ಜೊತೆ ಹರಟುತ್ತಾ ಬೆಟ್ಟ ಹತ್ತಿದ್ದೆ. ನನಗೆ ಇಷ್ಟು ಸಾಕಿತ್ತು. ಅಬಾರ್ತ್ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಊರೊಳಗೆ ಲೀಟರಿಗೆ ಒಂಬತ್ತು ಹತ್ತು ಕಿಲೋಮೀಟರ್ ಅಷ್ಟೇ ಅಂತ ಅದರ ಮಾಲೀಕರೇ ಹೇಳಿದರು.

ಓಡಿಸುವ ಖುಷಿಯೊಂದನ್ನೇ ನೋಡಿ ಹಳೇ ಕಾರು ಕೊಳ್ಳಲಾಗದು ಅಲ್ವಾ? ಪೋಲೊದ ಆ ಡಿಎಸ್‌ಜಿಯಲ್ಲಿರುವುದು ಡ್ರೈ ಕ್ಲಚ್, ಅಂದರೆ ತಂಪಾಗಿಸಲು ಎಣ್ಣೆಯಿಲ್ಲದ ಕ್ಲಚ್. ಆಮೆನಡಿಗೆಯ ಟ್ರಾಫಿಕ್‌ನಲ್ಲಿ ಅರ್ಧಂಬರ್ಧ ಹಿಡಿದು ಬಿಟ್ಟು ಬಿಸಿಯಾಗುತ್ತದೆ, ಬೇಗ ಸವೆಯುತ್ತದೆ. ಗೇರ್ ಬದಲಾವಣೆಯನ್ನು ನಿಯಂತ್ರಿಸುವ ಮೆಕಾಟ್ರಾನಿಕ್ ಘಟಕ ಕೆಟ್ಟರೆ ರಿಪೇರಿ ಬಲು ದುಬಾರಿ. ಅದಕ್ಕೇ ಪೋಲೊ ಕೊಳ್ಳುವವರಿಗೆ ನನ್ನ ಸಲಹೆ 2020ರ ನಂತರದ 1.0 ಟಿಎಸ್‌ಐ. ಅದರಲ್ಲಿ ಡಿಎಸ್‌ಜಿ ಬದಲು ಮಾಮೂಲಿ ಟಾರ್ಕ್ ಕನ್ವರ್ಟರ್ (ದ್ರವದ ಮೂಲಕ ಶಕ್ತಿ ದಾಟಿಸುವ) ಆಟೊಮ್ಯಾಟಿಕ್ ಇದೆ. ನನ್ನ ಬಜೆಟ್‌ಗೆ ಅದು ನಿಲುಕಲಿಲ್ಲ.

ಅಬಾರ್ತ್‌ನ ಚಿಂತೆ ಬಿಡಿಭಾಗಗಳದ್ದು. ಫಿಯೆಟ್ ಇಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿದೆ. ಆದರೆ ಬಾಡಿ ಮಾಮೂಲಿ ಪುಂಟೊ ಇವೊದ್ದೇ, ಟಿ-ಜೆಟ್ ಎಂಜಿನ್ ಫಿಯೆಟ್‌ನದೇ ಸೆಡಾನ್ ಲಿನಿಯಾದಲ್ಲೂ ಇತ್ತು. ಹಾಗಾಗಿ ಕಾರಿಗಿಂತ ಮೊದಲು ಫಿಯೆಟ್ ಕೆಲಸ ಬಲ್ಲ ಮೆಕ್ಯಾನಿಕ್‌ನನ್ನು ಹುಡುಕಿಕೊಂಡೆ. ಈ ಕ್ರಮವನ್ನು ಯಾರೂ ತಲೆಕೆಳಗು ಮಾಡಬೇಡಿ.

ಮುಂಬೈ ನೋಂದಣಿಯ ಅಬಾರ್ತ್ ಒಂದು ಇನ್ನೂ ಅಗ್ಗಕ್ಕೆ ಸಿಗುತ್ತಿತ್ತು. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು, ಇಲ್ಲಿ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟುವಷ್ಟರಲ್ಲಿ ಉಳಿತಾಯ ಕರಗಿಹೋಗುತ್ತದೆ. ಬಿಟ್ಟೆ. ಇನ್ನೊಂದು ಕಡೆ ಮೀಟರ್ ತೋರಿಸಿದ್ದಕ್ಕಿಂತ ಹಳೇ ಸರ್ವಿಸ್ ಬಿಲ್‌ನಲ್ಲಿ ಕಿಲೋಮೀಟರ್ ಜಾಸ್ತಿ ಇತ್ತು. ಅಂದಿನಿಂದ ಬಿಲ್ ನೋಡದೆ ನಾನು ಕೀಲಿ ಮುಟ್ಟುವುದಿಲ್ಲ.

ಆಫೀಸಿಗೆ ನಾನು ಮೆಟ್ರೊದಲ್ಲಿ ಹೋಗುತ್ತೇನೆ. ಕಾರು ಬೇಕಿರುವುದು ಭಾನುವಾರದ ಬೆಳಗಿಗೆ. ಅದಕ್ಕೇ ಅಬಾರ್ತ್. ಈ ಶನಿವಾರ ಮೆಕ್ಯಾನಿಕ್ ಅದನ್ನು ಲಿಫ್ಟ್ ಮೇಲೆ ಏರಿಸಿ ನೋಡುತ್ತಾರೆ. ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ ಮಾಲೀಕರು ಇನ್ನೂ ತೋರಿಸಿಲ್ಲ. ಸಿಗದಿದ್ದರೆ ಆ ಖರ್ಚನ್ನು ಬೆಲೆಯಲ್ಲಿ ಮುರಿದುಕೊಂಡು ಅಡ್ವಾನ್ಸ್ ಕೊಡುತ್ತೇನೆ.