ಹಳೆಯ ಪದ್ಮಿನಿಗೆ ಡಾಟ್ 4 ಬ್ರೇಕ್ ಆಯಿಲ್: ಎರಡು ವರ್ಷ ಓಡಿಸಿ ನೋಡಿದ ಮೇಲೆ

ನಮ್ಮ ಮನೆಯ ಪ್ರೀಮಿಯರ್ ಪದ್ಮಿನಿ 1978ರದ್ದು. ಅಪ್ಪ ಕೊಂಡ ಕಾರು, ನಾಲ್ಕು ಗಾಲಿಗೂ ಡ್ರಮ್ ಬ್ರೇಕ್. ಎರಡು ವರ್ಷದ ಹಿಂದೆ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಪೆಡಲ್ ಇದ್ದಕ್ಕಿದ್ದಂತೆ ಮೆತ್ತಗಾಯಿತು. ಸ್ಟೀರಿಂಗ್ ಪಕ್ಕದ ಗೇರನ್ನು ಎರಡಕ್ಕೆ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿ ಅಮ್ಮ ಇದ್ದರು. ಮುಕ್ಕಾಲು ಗಂಟೆ ಆರಲು ಬಿಟ್ಟ ಮೇಲೆ ಪೆಡಲ್ ತಾನಾಗಿಯೇ ಗಟ್ಟಿಯಾಯಿತು.

ಊರಿಗೆ ಬಂದು ಬಾನೆಟ್ ಎತ್ತಿ ನೋಡಿದರೆ, ಡಬ್ಬಿಯಲ್ಲಿದ್ದ ಬ್ರೇಕ್ ಆಯಿಲ್ ಕಾಫಿ ಡಿಕಾಕ್ಷನ್‌ನಂತೆ ಕಪ್ಪಾಗಿತ್ತು. ಎಷ್ಟು ವರ್ಷದ್ದೋ! ಈ ದ್ರವ ಗಾಳಿಯ ತೇವವನ್ನು ಹೀರುತ್ತದೆ. ನೀರು ಸೇರಿದಷ್ಟೂ ಬೇಗ ಕುದಿಯುತ್ತದೆ, ಆವಿಯಾಗುತ್ತದೆ. ಆವಿಯನ್ನು ಒತ್ತಿದರೆ ಕುಗ್ಗುತ್ತದೆಯೇ ಹೊರತು ಗಾಲಿಗೆ ಬಲ ಮುಟ್ಟುವುದಿಲ್ಲ. ಬ್ರೇಕ್ ಆಯಿಲ್‌ನ ದರ್ಜೆಗಳನ್ನು ಡಾಟ್ ಎಂಬ ಸಂಖ್ಯೆಯಿಂದ ಗುರುತಿಸುತ್ತಾರೆ. ಡಾಟ್ 3 ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ತೇವ ಹೀರಿದಾಗ 140. ಡಾಟ್ 4ಕ್ಕೆ ಅದೇ 230 ಮತ್ತು 155. ಘಾಟಿಯಲ್ಲಿ ಈ ಹದಿನೈದು ಡಿಗ್ರಿಗೂ ಬೆಲೆಯಿದೆ.

ಗೆಳೆಯರೊಬ್ಬರು ಸಿಲಿಕೋನಿನ ಡಾಟ್ 5 ಹಾಕು ಎಂದರು. ಅದು ಕಾರಿನ ಬಣ್ಣ ತಿನ್ನುವುದಿಲ್ಲ, ನೀರನ್ನೂ ಹೀರುವುದಿಲ್ಲ. ಹೀರುವುದಿಲ್ಲ ಎನ್ನುವುದೇ ನನಗೆ ಒಪ್ಪಿಗೆಯಾಗದ್ದು. ಒಳಗೆ ಬಂದ ನೀರು ಬೆರೆಯದೆ ತಗ್ಗಿನಲ್ಲಿ, ಅಂದರೆ ಗಾಲಿಯ ಬಳಿ ಬ್ರೇಕನ್ನು ತಳ್ಳುವ ವೀಲ್ ಸಿಲಿಂಡರಿನಲ್ಲಿ ನಿಂತು ತುಕ್ಕು ಹಿಡಿಸುತ್ತದೆ. ಹಳೆಯ ಆಯಿಲ್‌ನೊಂದಿಗೂ ಅದು ಸೇರದು. ಎಲ್ಲವನ್ನೂ ಬಿಚ್ಚಿ ತೊಳೆದು ರಬ್ಬರ್ ಬದಲಿಸಬೇಕು. ಡಾಟ್ 5.1 ಮಾತ್ರ ಬೇರೆ ಜಾತಿ: ಡಾಟ್ 4ರ ಹಾಗೆ ಗ್ಲೈಕಾಲ್ ಎಂಬ, ನೀರು ಹೀರುವ ರಾಸಾಯನಿಕದ್ದು, ಅದರೊಂದಿಗೆ ಬೆರೆಯುತ್ತದೆ. ಸಂಖ್ಯೆ ನೋಡಿ ಎರಡನ್ನೂ ಒಂದೇ ಎಂದುಕೊಳ್ಳಬೇಡಿ.

ಕೊನೆಗೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಾಷ್ ಡಾಟ್ 4ರ ಎರಡು ಅರ್ಧ ಲೀಟರ್ ಡಬ್ಬ ತಂದೆ. ಅಂಗಡಿಯಲ್ಲಿ ಬ್ರೇಕ್ ಆಯಿಲ್ ಎಂದೇ ಕೇಳಬೇಕು, ಆದರೆ ಅದು ಎಣ್ಣೆಯಲ್ಲ. ಎಂಜಿನ್ ಆಯಿಲ್ ಒಂದಿಷ್ಟು ಬೆರೆತರೂ ಒಳಗಿನ ರಬ್ಬರ್ ಕಪ್‌ಗಳು ಉಬ್ಬಿ ಹಾಳಾಗುತ್ತವೆ.

ಪೆಡಲ್‌ನಿಂದ ದೂರದ ಗಾಲಿಯಿಂದ, ಅಂದರೆ ಹಿಂದಿನ ಎಡಗಡೆಯಿಂದ, ಬ್ರೇಕ್ ಕೊಳವೆಯೊಳಗಿನ ಹಳೆಯ ಆಯಿಲ್ ಮತ್ತು ಗಾಳಿ ತೆಗೆಯಲು ಶುರುಮಾಡಿದೆವು. ಮಗಳು ಪೆಡಲ್ ಮೇಲೆ, ನಾನು ಕಾರಿನ ಕೆಳಗೆ. "ಒತ್ತಿ ಹಿಡಿದುಕೋ ಪುಟ್ಟಿ" ಎಂದು ಆಯಿಲ್ ಹೊರಬಿಡುವ ತಿರುಪನ್ನು (ನಿಪ್ಪಲ್) ಸಡಿಲಿಸುವುದು, ಬಿಗಿ ಮಾಡಿ "ಈಗ ಬಿಡು" ಎನ್ನುವುದು. ಪಾರದರ್ಶಕ ಕೊಳವೆಯಲ್ಲಿ ಮೊದಲು ಕಪ್ಪು, ಆಮೇಲೆ ಗುಳ್ಳೆಗಳು, ಕೊನೆಗೆ ತಿಳಿ ಜೇನಿನ ಬಣ್ಣ. "ಅಪ್ಪ, ಪೆಡಲ್ ಕಲ್ಲಿನಂತಾಯಿತು" ಎಂದು ಅವಳು ಕೂಗಿದಾಗ ಆದ ನಿರಾಳವನ್ನು ಮರೆತಿಲ್ಲ.

ಅಂದಿನಿಂದ ಚಾರ್ಮಾಡಿಯನ್ನು ಮೂರು ಸಲ ಇಳಿದಿದ್ದೇನೆ, ಪೆಡಲ್ ಒಮ್ಮೆಯೂ ಮೆತ್ತಗಾಗಲಿಲ್ಲ. ಕಳೆದ ತಿಂಗಳು ಮತ್ತೆ ಅದೇ ಆಯಿಲ್ ತುಂಬಿಸಿದೆ; ಹೊರಬಂದದ್ದು ತುಸು ಮಬ್ಬಾಗಿತ್ತು, ಅಷ್ಟೇ. ತೆರೆದ ಡಬ್ಬ ತೇವ ಎಳೆದುಕೊಳ್ಳುವುದರಿಂದ ಮಿಕ್ಕಿದ್ದನ್ನು ಮುಂದಿನ ಸಲಕ್ಕೆಂದು ಎತ್ತಿಡುವುದಿಲ್ಲ.

ಗ್ಲೈಕಾಲ್ ಆದ್ದರಿಂದ ಬಣ್ಣಕ್ಕೆ ಇದು ಶತ್ರು. ಮೊದಲ ಸಲ ಮಡ್‌ಗಾರ್ಡ್ ಮೇಲೆ ಬಿದ್ದ ಒಂದು ಹನಿ ಸಂಜೆಯೊಳಗೆ ಅಲ್ಲಿನ ಬಣ್ಣವನ್ನು ಸುಕ್ಕಾಗಿಸಿ ಎಬ್ಬಿಸಿತ್ತು. ಈಗ ಡಬ್ಬ ತೆರೆಯುವ ಮುಂಚೆಯೇ ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟುಕೊಳ್ಳುತ್ತೇನೆ. ಹನಿ ಬಿದ್ದ ತಕ್ಷಣ ನೀರು ಸುರಿದರೆ ತೊಳೆದುಹೋಗುತ್ತದೆ.